ದಡದ ಕಣ್ಣು

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಹೊಸ ವಿಮಾನವಾಹಕ ನೌಕೆ ತನ್ನ ತವರು ಬಂದರಿನ ಕಾಲುವೆಯ ಬಾಯಿಗೆ ಬಂದು ನಿಂತಿತ್ತು. ಅದನ್ನು ಒಳಗೆ ತರಬೇಕಾದವನು ತಾನೇ ಎಂದು ದೊಡ್ಡ ಪೈಲಟ್ ಆ ಹೊತ್ತಿನಲ್ಲೂ ನಂಬಿದ್ದ. ಆದರೆ ಅವನು ಕೂತದ್ದು ದಡದ ಮೇಲಿನ ಕಬ್ಬಿಣದ ಗೋಪುರದ ಬುಡದಲ್ಲಿ, ಒಂದು ಪುಟ್ಟ ಕೋಣೆಯ ಕಿಟಕಿಗೆ ಮುಖ ಮಾಡಿ, ದುರ್ಬೀನಿನ ಹಿಂದೆ. ನೌಕೆಯ ಮೇಲೆ ನಿಂತಿದ್ದವನು ಅವನ ಷಡ್ಡಕ.

ಬಂದರಿನ ಮಾತಿನಲ್ಲಿ ಪೈಲಟ್ ಎಂದರೆ ವಿಮಾನ ಹಾರಿಸುವವನಲ್ಲ. ಹೊರಗಿನಿಂದ ಬಂದ ಹಡಗನ್ನು ಹಗ್ಗದ ಏಣಿಯಲ್ಲಿ ಹತ್ತಿ, ಕಾಲುವೆಯ ದಾರಿ ತೋರಿಸಿ, ಹಡಗು ನಿಲ್ಲುವ ಕಟ್ಟೆಯಾದ ಧಕ್ಕೆಗೆ ಮುಟ್ಟಿಸುವವನು. ಅಕ್ಕನನ್ನು ಮದುವೆಯಾದವನು ದೊಡ್ಡ ಪೈಲಟ್, ತಂಗಿಯನ್ನು ಮದುವೆಯಾದವನು ಚಿಕ್ಕ ಪೈಲಟ್ ಎಂದು ಇಡೀ ಬಂದರು ಕರೆಯುತ್ತಿತ್ತು. ಚಿಕ್ಕವನಿಗೆ ಕೆಲಸ ಕಲಿಸಿದ್ದೂ, ನಾದಿನಿಯ ಪರಿಚಯ ಮಾಡಿಸಿದ್ದೂ ದೊಡ್ಡವನೇ. ಈಗ ಎರಡನ್ನೂ ನೆನೆನೆನೆದು ಹೊಟ್ಟೆ ಉರಿಸಿಕೊಳ್ಳುತ್ತಿದ್ದ.

ಉರಿಯ ಬುಡಕ್ಕೆ ಹೋಗಿ ನೋಡಿದರೆ ತಪ್ಪು ಬೇರೆ ಯಾರದೂ ಅಲ್ಲ. ಹಿಂದಿನ ವರ್ಷ ಬಂದರು ಕ್ಯಾಪ್ಟನ್ ಮೊದಲು ಕರೆದದ್ದು ಅವನನ್ನೇ. ಇಂಥ ನೌಕೆ ಬರುತ್ತದೆ, ಅದನ್ನು ನಡೆಸಲು ತರಬೇತಿ ಇದೆ, ಪರದೆಯ ಮುಂದೆ ನಿಂತು ಕಲಿಯಬೇಕು ಎಂದಿದ್ದರು. "ಟಿವಿ ಮುಂದೆ ಕೂತು ಹಡಗು ನಡೆಸೋದಾದ್ರೆ ನಮ್ಮನೆ ಬೆಕ್ಕೂ ನಡೆಸುತ್ತೆ ಸರ್," ಎಂದು ದೊಡ್ಡ ಪೈಲಟ್ ನಕ್ಕಿದ್ದ. ಕ್ಯಾಪ್ಟನ್ ನಗಲಿಲ್ಲ. ಚಿಕ್ಕವನು ಹೋದ, ಕಲಿತು ಬಂದ. ಆದೇಶ ಬಂದಾಗ ಅದರಲ್ಲಿ ಚಿಕ್ಕವನ ಹೆಸರಿತ್ತು.

ಅಂದಿನಿಂದ ಚಿಕ್ಕವನ ಯಾವ ಸಂಗತಿಯೂ ದೊಡ್ಡವನ ಕಣ್ಣಿಗೆ ಸರಿಬರಲಿಲ್ಲ. ಅವನ ಹೊಸ ಬೂಟು ಬೇಕೆಂದೇ ಕಿರ್ ಎನ್ನುತ್ತಿತ್ತು. ಕ್ಯಾಂಟೀನಿನಲ್ಲಿ ಅವನಿಗೆ ಕೊಡುವ ಚಹಾದ ಲೋಟ ಪೂರ್ತಿ ತುಂಬಿರುತ್ತಿತ್ತು. ಸ್ವಂತ ಹೆಂಡತಿಯೇ ತಂಗಿಯ ಗಂಡನ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾ ಕಾಲರನ್ನು ಎರಡೆರಡು ಸಲ ಒತ್ತಿದಾಗ ಅವನು ಕೋಣೆಯಿಂದಲೇ ಎದ್ದು ಹೋಗಿದ್ದ.

"ರೀ, ಯಾಕೆ ಹಾಗೆ ಮುಖ ಊದಿಸ್ಕೊಂಡು ಓಡಾಡ್ತೀರಿ? ಅವನೇನು ಹೊರಗಿನವನಾ?" ಎಂದು ಅವಳು ಕೇಳಿದ್ದಳು.

"ಹೊರಗಿನವನಾಗಿದ್ರೆ ನಿದ್ದೆ ಬರ್ತಿತ್ತು."

ಹೊಸ ಹಡಗು ಮೊದಲ ಸಲ ಒಳಗೆ ಬರುವಾಗ ಈ ಬಂದರಿನಲ್ಲಿ ಒಂದು ಪದ್ಧತಿ ಉಂಟು. ಕಾಲುವೆಯ ನೇರಕ್ಕೆ ದಡದಲ್ಲಿ ಎರಡು ಗೋಪುರಗಳಿವೆ, ಮುಂದಿನದು ಗಿಡ್ಡ, ಹಿಂದಿನದು ಎತ್ತರ. ಸಮುದ್ರದಿಂದ ಬರುವ ಪೈಲಟ್‌ಗೆ ಎರಡೂ ಒಂದರ ಮೇಲೊಂದು ಕಂಡರೆ ಅವನು ನಡುಗೆರೆಯ ಮೇಲಿದ್ದಾನೆ ಎಂದರ್ಥ. ಆದರೆ ಬೆಳಗಿನ ಹೊತ್ತು ಸೂರ್ಯ ಗೋಪುರಗಳ ಬೆನ್ನಿಗೇ ಇರುವುದರಿಂದ ಬರುವವನ ಕಣ್ಣು ಕುಕ್ಕುತ್ತದೆ. ಅದಕ್ಕೆ ಇನ್ನೊಬ್ಬ ಪೈಲಟ್ ಹಿಂದಿನ ಗೋಪುರದ ಬುಡದಲ್ಲಿ ಕೂತು, ಕಾಲಿನ ಮೇಲೆ ನಿಲ್ಲಿಸಿದ ದುರ್ಬೀನಿನಲ್ಲಿ ನೋಡುತ್ತಾ, ಹಡಗು ಗೆರೆಯಿಂದ ಎಷ್ಟು ಮೀಟರ್ ಆಚೀಚೆ ಇದೆ ಎಂದು ರೇಡಿಯೊದಲ್ಲಿ ಹೇಳುತ್ತಾನೆ. ಅವನಿಗೆ ದಡದ ಕಣ್ಣು ಎಂದು ಹೆಸರು. ಹಡಗಿನ ಯಂತ್ರಗಳು ಏನೇ ತೋರಿಸಲಿ, ದಡದ ಕಣ್ಣು ಹೇಳಿದ್ದೇ ಕೊನೆಯ ಮಾತು. ಹಿಂದೊಮ್ಮೆ ಯಂತ್ರವನ್ನು ನಂಬಿ ಒಂದು ಹಡಗು ಬಂಡೆಗೆ ಹೊಟ್ಟೆ ತಾಗಿಸಿಕೊಂಡ ಮೇಲೆ ಬಂದ ನಿಯಮ ಅದು.

ತನಗೆ ದಡದ ಕಣ್ಣಾಗಿ ದೊಡ್ಡವನೇ ಬೇಕೆಂದು ಚಿಕ್ಕವನೇ ಕೇಳಿಕೊಂಡಿದ್ದ. ಹಿಂದಿನ ದಿನ ಮಧ್ಯಾಹ್ನ ಊಟದ ಮೇಜಿನಲ್ಲಿ ಈ ವಿಷಯ ತೆಗೆದಾಗ ಅಕ್ಕತಂಗಿಯರು ಇಬ್ಬರೂ ಇದ್ದರು.

"ಅಣ್ಣ, ನಿಮ್ಮ ಕಣ್ಣಿನ ಮೇಲೆ ಇರೋ ನಂಬಿಕೆ ನನಗೆ ಬೇರೆಯವರ ಮೇಲಿಲ್ಲ."

"ಕಂಬದ ಕೆಳಗೆ ಕೂರಿಸೋದಕ್ಕೆ ಒಬ್ಬ ಬೇಕಲ್ಲ, ನಾನೇ ಆಗ್ಲಿ ಬಿಡು."

"ಭಾವ, ಹಾಗ್ಯಾಕೆ ಅಂತೀರಿ," ಎಂದಳು ನಾದಿನಿ.

ಚಿಕ್ಕವನು ಕೇಳಿಸದವನಂತೆ ಖಾಲಿಯಾದ ಉದ್ದನೆಯ ತಟ್ಟೆಯೊಂದನ್ನು ಮುಂದಕ್ಕೆಳೆದು, ನೀರಿನ ಲೋಟವೊಂದನ್ನು ಅದರ ಬಲ ಅಂಚಿಗಿಟ್ಟ. "ಒಂದೇ ವಿಷಯ ಅಣ್ಣ. ಈ ತಟ್ಟೆ ನೌಕೆ ಅಂತಿಟ್ಕೊಳ್ಳಿ. ಈ ಲೋಟ ಇದೆಯಲ್ಲ, ಇದು ..."

"ಹಡಗು ಅಂದ್ರೇನು ಅಂತ ನನಗೆ ತಟ್ಟೆ ಇಟ್ಟು ತೋರಿಸ್ತೀಯಾ?" ಎಂದ ದೊಡ್ಡವನು. ಲೋಟ ಎತ್ತಿ ಗಟಗಟನೆ ನೀರು ಕುಡಿದು, ಅದನ್ನು ತನ್ನ ಪಕ್ಕದಲ್ಲಿ ಕುಕ್ಕಿದ. ಹೆಂಗಸರು ನಕ್ಕರು. ಚಿಕ್ಕವನೂ ನಕ್ಕು ಸುಮ್ಮನಾದ. ಆ ಒಂದು ಕ್ಷಣ ದೊಡ್ಡವನಿಗೆ ಬಹಳ ಹಿತವೆನಿಸಿತ್ತು.

ಈಗ ಕೋಣೆಯಲ್ಲಿ ಅವನ ಜೊತೆಗಿದ್ದವನು ದೀಪದ ಮೇಸ್ತ್ರಿ, ಗೋಪುರದ ದೀಪಗಳನ್ನು ನೋಡಿಕೊಳ್ಳುವ ಬಾಯಿಬಡುಕ. ದುರ್ಬೀನಿಲ್ಲದೆಯೂ ನೌಕೆ ಕಾಣುತ್ತಿತ್ತು. ಬೂದು ಬಣ್ಣದ ಒಂದು ಬೀದಿಯೇ ನೀರಿನ ಮೇಲೆ ಎದ್ದುಬಂದಂತಿತ್ತು. ಮೂತಿ ಮೇಲಕ್ಕೆ ಬಾಗಿತ್ತು. ಅಂಚಿನುದ್ದಕ್ಕೂ ಬಿಳಿ ಬಟ್ಟೆಯ ನಾವಿಕರು ಸಾಲಾಗಿ ನಿಂತಿದ್ದರು.

"ನಿಮ್ಮ ಷಡ್ಡಕರಿಗೆ ಇವತ್ತು ಫೋಟೊ ಮೇಲೆ ಫೋಟೊ," ಎಂದ ಮೇಸ್ತ್ರಿ. "ನಮ್ಮ ಹುಡುಗಿ ಬೆಳಿಗ್ಗೆಯೇ ಧಕ್ಕೆಗೆ ಹೋಗಿ ಜಾಗ ಹಿಡಿದಿದಾಳೆ."

"ಹೂಂ."

"ನಮ್ಮ ಕೋಣೆಗೆ ಯಾರೂ ಕ್ಯಾಮೆರಾ ತರಲ್ಲ ಬಿಡಿ. ನಾನಂತೂ ಗಡ್ಡ ಕೂಡ ಕೆರೆದಿಲ್ಲ."

"ಬಾಯಿ ಮುಚ್ಚಿ ಒಂದು ಲೋಟ ಚಹಾ ಸುರಿ."

ರೇಡಿಯೊ ಕೆಮ್ಮಿತು. ಆ ರೇಡಿಯೊ ಎಲ್ಲರಿಗೂ ಕೇಳುವಂಥದು: ನೌಕೆಯನ್ನು ಎಳೆಯುವ ದೋಣಿಗಳಾದ ಟಗ್‌ಗಳಿಗೆ, ಬಂದರು ಕ್ಯಾಪ್ಟನ್‌ಗೆ, ಅಂದು ವಿಶೇಷವಾಗಿ ಧಕ್ಕೆಯ ಧ್ವನಿವರ್ಧಕಕ್ಕೂ ಅದನ್ನು ಜೋಡಿಸಿದ್ದರು. ನೌಕೆಯಲ್ಲಿರುವವರ ಮನೆಮಂದಿಯೆಲ್ಲ ಅಲ್ಲಿ ನೆರೆದಿದ್ದರು, ಅಕ್ಕತಂಗಿಯರೂ ಇದ್ದರು.

"ದಡದ ಕಣ್ಣು, ನೌಕೆ ಒಳಗೆ ಬರ್ತಿದೆ. ಬಿಸಿಲಿಗೆ ಗೋಪುರ ಕಾಣ್ತಿಲ್ಲ. ಹೇಳಿ ಅಣ್ಣ." ಚಿಕ್ಕವನ ದನಿಯಲ್ಲಿ ಎಳ್ಳಷ್ಟೂ ನಡುಕವಿರಲಿಲ್ಲ. ಅದೂ ದೊಡ್ಡವನಿಗೆ ಚುಚ್ಚಿತು.

ಅವನು ದುರ್ಬೀನಿಗೆ ಕಣ್ಣಿಟ್ಟ. ಒಳಗಿನ ಸಣ್ಣ ಕಪ್ಪು ಗೆರೆಯನ್ನು ಮುಂದಿನ ಗೋಪುರಕ್ಕೆ ಕೂಡಿಸಿ, ಎಷ್ಟೋ ವರ್ಷಗಳ ಅಭ್ಯಾಸದಂತೆ ಪೈಲಟ್ ನಿಲ್ಲುವ ಗಾಜಿನ ಕೋಣೆಯನ್ನು ಹುಡುಕಿದ. ಅದು ಗೆರೆಯಿಂದ ಎಡಕ್ಕೆ ದೂರವಿತ್ತು. ನೋಡುವವನ ಎಡ ಬರುವವನಿಗೆ ಬಲ. ಲೆಕ್ಕ ನಿದ್ದೆಯಲ್ಲೂ ತಪ್ಪುವಂಥದಲ್ಲ. ದುರ್ಬೀನಿನೊಳಗಿನ ಅಳತೆಯ ಗೀಟುಗಳನ್ನೆಣಿಸಿ, ನೌಕೆಯ ದೂರದಿಂದ ಗುಣಿಸಿದ. ಇಪ್ಪತ್ತಾರು ಮೀಟರ್.

ಅವನ ಎದೆಯೊಳಗೆ ಏನೋ ಅರಳಿತು. ಅಷ್ಟೆಲ್ಲ ತರಬೇತಿ, ಅಷ್ಟೆಲ್ಲ ಇಸ್ತ್ರಿ, ಕಡೆಗೆ ಕಾಲುವೆಯ ಬಾಯಲ್ಲೇ ಇಪ್ಪತ್ತಾರು ಮೀಟರ್ ತಪ್ಪಿದ್ದಾನೆ. ಧಕ್ಕೆಯಲ್ಲಿ ಎಲ್ಲರ ಕಿವಿಗೂ ಬೀಳಲಿ ಎಂದು ಒಂದೊಂದು ಅಕ್ಷರ ಬಿಡಿಸಿ ಹೇಳಿದ: "ನೌಕೆ ಬಲಕ್ಕಿದೆ. ಇಪ್ಪತ್ತಾರು ಮೀಟರ್. ಎಡಕ್ಕೆ ಬಾ."

"ಬಲಕ್ಕೆ ಇಪ್ಪತ್ತಾರು. ಎಡಕ್ಕೆ ಬರ್ತಿದೀನಿ."

"ಅಷ್ಟೊಂದಾ?" ಎಂದ ಮೇಸ್ತ್ರಿ.

"ಟಿವಿಯಲ್ಲಿ ಗಾಳಿ ಬೀಸಲ್ಲ ನೋಡು." ದೊಡ್ಡವನು ಚಹಾ ಹೀರಿದ. ಎಷ್ಟೋ ದಿನಗಳ ಮೇಲೆ ಚಹಾಕ್ಕೆ ರುಚಿ ಬಂದಿತ್ತು.

ನೌಕೆ ನಿಧಾನವಾಗಿ ಸರಿಯಿತು. ಗಾಜಿನ ಕೋಣೆ ಗೆರೆಗೆ ಹತ್ತಿರವಾಗುತ್ತಾ ಬಂತು. "ಹತ್ತೊಂಬತ್ತು. ಬಾ. ಹದಿನೈದು. ಬಾ." ಕಾಲುವೆ ಮೂರನೆಯ ಬೋಯಾದ ಬಳಿ ಇಕ್ಕಟ್ಟು. ಎಡಗಡೆ ನೀರಿನಡಿಯ ಬಂಡೆ ಒಳಕ್ಕೆ ಚಾಚಿದೆ; ನೀರಿನ ಮೇಲೆ ತೇಲುವ ಆ ಕೆಂಪು ಬೋಯಾ ಅದರ ಗುರುತು. "ಹನ್ನೆರಡು. ಬಾ."

"ಅಣ್ಣ," ಎಂದಿತು ರೇಡಿಯೊ, "ಯಂತ್ರ ನಾನು ಎಡಕ್ಕೆ ಹದಿನಾಲ್ಕು ಇದೀನಿ ಅಂತಿದೆ."

"ಯಂತ್ರ ಹೇಳಿದ್ದು ಕೇಳೋದಾದ್ರೆ ನಾನ್ಯಾಕೆ ಇಲ್ಲಿ ಕೂತಿದೀನಿ?"

"ಸರಿ ಅಣ್ಣ."

ಧಕ್ಕೆಯಲ್ಲಿ ಜನ ನಕ್ಕಿರಬಹುದು. ಅವನು ದುರ್ಬೀನಿಗೆ ಮರಳಿದ. ಗಾಜಿನ ಕೋಣೆ ಗೆರೆಯ ಪಕ್ಕಕ್ಕೇ ಬಂದಿತ್ತು. ಆದರೆ ನೌಕೆಯ ಮೂತಿ ಎಲ್ಲಿ? ಅವನು ದುರ್ಬೀನನ್ನು ಬಲಕ್ಕೆ ಹೊರಳಿಸಿದ. ಮೂತಿಯ ನಟ್ಟನಡುವಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದ ಮುಂದಿನ ಟಗ್ ಕೆಂಪು ಬೋಯಾದತ್ತ ಹೊರಳಿತ್ತು. ಬೋಯಾ ಅದರ ಪಕ್ಕದಲ್ಲೇ ತಲೆದೂಗುತ್ತಿತ್ತು.

ಟಗ್ ಅಲ್ಲಿಗೆ ಯಾಕೆ ಹೋಯಿತು?

ಅವನು ಮೊದಲ ಬಾರಿಗೆ ಇಡೀ ನೌಕೆಯನ್ನು ನೋಡಿದ. ಸಪಾಟಾದ ಉದ್ದ ಮೈ, ಅದರ ಬಲ ಅಂಚಿಗೆ ನಿಂತ ಒಂಟಿ ಕಟ್ಟಡ, ಅದರ ನೆತ್ತಿಯಲ್ಲಿ ಗಾಜಿನ ಕೋಣೆ. ವಿಮಾನಗಳಿಗೆ ನಡುವೆಲ್ಲ ಖಾಲಿ ಬಿಡಬೇಕು. ಅದಕ್ಕೆ ಪೈಲಟ್ ನಿಲ್ಲುವ ಜಾಗ ನಡುವಿನಲ್ಲಿಲ್ಲ. ಅವನು ಕಂಡ ಸರಕಿನ ಹಡಗುಗಳಲ್ಲೆಲ್ಲ ಗಾಜಿನ ಕೋಣೆ ಹಡಗಿನ ನಡುವಿಗೇ ಇರುತ್ತಿತ್ತು. ಇದು ಹಾಗಲ್ಲ.

ತಟ್ಟೆ. ಬಲ ಅಂಚಿಗಿಟ್ಟ ಲೋಟ. ಅವನು ಎತ್ತಿ ಕುಡಿದ ನೀರು.

ಕೈಯಲ್ಲಿದ್ದ ಚಹಾ ಮೊಣಕಾಲಿನ ಮೇಲೆ ಚೆಲ್ಲಿದ್ದು ಗೊತ್ತಾಗಲಿಲ್ಲ. ಚಿಕ್ಕವನು ಮೊದಲೇ ಕೂದಲೆಳೆಯಷ್ಟೂ ತಪ್ಪದೆ ನಡುಗೆರೆಯ ಮೇಲಿದ್ದ. ಅವನನ್ನು ಅಲ್ಲಿಂದ ಎಬ್ಬಿಸಿ ಬಂಡೆಯತ್ತ ಅಟ್ಟಿದ್ದು ತಾನು.

ಇಂಥ ಹೊತ್ತಿಗೆಂದೇ ನಿಯಮದಲ್ಲಿ ಒಂದು ವಾಕ್ಯವಿದೆ: 'ದಡದ ಕಣ್ಣು ತಪ್ಪು.' ಅಷ್ಟೇ. ಅದನ್ನು ಕೇಳಿದೊಡನೆ ಹಡಗು ತನ್ನ ಯಂತ್ರದ ಮಾತಿಗೆ ಮರಳಬೇಕು. ಈ ಬಂದರಿನಲ್ಲಿ ಯಾರೂ ಅದನ್ನು ಹೇಳಿದ್ದನ್ನು ಅವನು ಕೇಳಿರಲಿಲ್ಲ. ಹೊಸಬರಿಗೆ ಪಾಠ ಹೇಳುವಾಗ, "ಇದು ಬರೀ ಕಾಗದದಲ್ಲಿರೋದಕ್ಕೆ," ಎಂದು ಅವನೇ ನಗಿಸುತ್ತಿದ್ದ.

ಇನ್ನೊಂದು ದಾರಿಯೂ ಇತ್ತು. ಅದು ತಾನಾಗಿ ನಾಲಿಗೆಯ ತುದಿಗೆ ಬಂದು ಕೂತಿತ್ತು. 'ಜಾಸ್ತಿ ಬಂದ್ಬಿಟ್ಟೆ, ಬಲಕ್ಕೆ ಹೋಗು' ಎಂದರೆ ಸಾಕು. ನೌಕೆ ಉಳಿಯುತ್ತದೆ, ಚಿಕ್ಕವನು ಅಳತೆ ಮೀರಿ ಹೊರಳಿಸಿದ ಎಂದು ಎಲ್ಲರೂ ತಿಳಿಯುತ್ತಾರೆ. ದೊಡ್ಡವನು ಎಡಕ್ಕೆ ಅಂದ, ಬಲಕ್ಕೆ ಅಂದ, ಹುಡುಗ ತಡಬಡಾಯಿಸಿದ ಎನ್ನುತ್ತಾರೆ. ಧಕ್ಕೆಯಲ್ಲಿ ನಾದಿನಿಯ ಮುಖ ಬಾಡುವುದೂ ಅವನಿಗೆ ಕಂಡಿತು. ಅದರಲ್ಲಿ ಸುಖವಿತ್ತು, ಇರಲಿಲ್ಲ ಎಂದರೆ ಸುಳ್ಳಾದೀತು.

ಅವನು ಗುಂಡಿ ಒತ್ತುವ ಮೊದಲೇ ರೇಡಿಯೊ ಮಾತಾಡಿತು. "ಅಣ್ಣ, ಕೆಂಪು ಬೋಯಾ ಹತ್ತಿರ ಬಂತು. ನನಗೆ ನಿಮ್ಮ ಮಾತೇ ಮಾತು. ಇನ್ನೂ ಎಡಕ್ಕೆ ಬರಲಾ?"

ಆ ದನಿ ಈಗ ನಡುಗುತ್ತಿತ್ತು. ಹೆದರುತ್ತಿದ್ದಾನೆ, ಆದರೂ ಬರುತ್ತಾನೆ. ಬಾ ಎಂದರೆ ಬಂಡೆಯ ಮೇಲಕ್ಕೂ ಬರುತ್ತಾನೆ. ಇಷ್ಟು ನಂಬಿಕೆಯನ್ನು ತಾನು ಯಾರ ಮೇಲಾದರೂ ಇಟ್ಟಿದ್ದೆನೇ ಎಂದು ದೊಡ್ಡವನು ಕೇಳಿಕೊಂಡ. ಇಟ್ಟಿರಲಿಲ್ಲ. ಆ ನಂಬಿಕೆಯ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು.

ಗುಂಡಿ ಒತ್ತಿದ.

"ದಡದ ಕಣ್ಣು ತಪ್ಪು."

ಮೇಸ್ತ್ರಿ ಎದ್ದು ಕಿಟಕಿಗೆ ಬಂದ.

"ದಡದ ಕಣ್ಣು ತಪ್ಪು," ಎಂದು ಎರಡನೆಯ ಸಲ ಹೇಳಿದ. "ನೀನು ಮೊದಲೇ ಸರಿಯಾಗಿದ್ದೆ. ನಾನು ನಿನ್ನ ಕೋಣೆ ನೋಡಿ ಹೇಳ್ಬಿಟ್ಟೆ. ಬಲಕ್ಕೆ ಹೋಗು, ಯಂತ್ರ ನೋಡ್ಕೊಂಡು ಹೋಗು."

"ದಡದ ಕಣ್ಣು ತಪ್ಪು. ತಿಳೀತು. ಬಲಕ್ಕೆ." ಮೂರೇ ಮಾತು. ನಂತರ ಟಗ್‌ಗಳಿಗೆ ಸಾಲುಸಾಲು ಆಜ್ಞೆಗಳು.

ಅಷ್ಟು ದೊಡ್ಡ ಮೈ ಹೇಳಿದ ತಕ್ಷಣ ತಿರುಗುವುದಿಲ್ಲ. ಇನ್ನೂ ಒಂದಿಷ್ಟು ಎಡಕ್ಕೇ ಜಾರಿತು. ಕೆಂಪು ಬೋಯಾ ಅದರ ನೆರಳಿನೊಳಗೆ ಹೋಯಿತು. ದೊಡ್ಡವನು ಬಂಡೆಯ ಸದ್ದಿಗೆ ಕಾದ. ಬರಲಿಲ್ಲ. ಬೋಯಾ ಮತ್ತೆ ಬಿಸಿಲಿಗೆ ಬಂದು, ನೌಕೆಯ ಅಲೆಗೆ ಕುಡಿದವನ ಹಾಗೆ ತೂರಾಡಿತು.

"ನಾನು ಏನೂ ಕೇಳಿಸ್ಕೊಂಡಿಲ್ಲ," ಎಂದ ಮೇಸ್ತ್ರಿ.

"ಇಡೀ ಊರು ಕೇಳಿದೆ, ನೀನೊಬ್ಬ ಬಿಟ್ಟರೆ ಏನಾಗುತ್ತೆ."

ಅವನು ಧಕ್ಕೆಗೆ ಬರುವ ಹೊತ್ತಿಗೆ ನೌಕೆಗೆ ಹಗ್ಗ ಕಟ್ಟಿಯಾಗಿತ್ತು. ವಾದ್ಯದವರು ಊದುತ್ತಿದ್ದರು. ಮಕ್ಕಳು ಅಪ್ಪಂದಿರ ಕುತ್ತಿಗೆಗೆ ಜೋತುಬಿದ್ದಿದ್ದವು. ಚಿಕ್ಕ ಪೈಲಟ್ ಬಂದರು ಕ್ಯಾಪ್ಟನ್ ಪಕ್ಕದಲ್ಲಿ ನಿಂತಿದ್ದ. ಎರಡು ಸಲ ಒತ್ತಿದ ಕಾಲರು ಬೆವರಿಗೆ ಮೆತ್ತಗಾಗಿತ್ತು. ಕ್ಯಾಮೆರಾಗಳೆಲ್ಲ ಅವನ ಕಡೆಗೇ. ದೊಡ್ಡವನ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ತಲೆಯೆತ್ತಿತು. ಸತ್ತಿರಬಹುದು ಎಂದುಕೊಂಡಿದ್ದ, ಸತ್ತಿರಲಿಲ್ಲ.

"ಸರಿಯಾದ ಹೊತ್ತಿಗೆ ಅಣ್ಣ ಹೇಳಿದ್ರು ಸರ್," ಎನ್ನುತ್ತಿದ್ದ ಚಿಕ್ಕವನು. "ಬೇರೆಯವರಾಗಿದ್ರೆ ಹೇಳ್ತಿರಲಿಲ್ಲ."

ಕ್ಯಾಪ್ಟನ್ ದೊಡ್ಡವನನ್ನು ನೋಡಿ, "ಮಧ್ಯಾಹ್ನ ನನ್ನ ಆಫೀಸಿಗೆ ಬನ್ನಿ," ಎಂದಷ್ಟೇ ಹೇಳಿ ಹೋದರು. ಹೆಂಡತಿ ದೂರದಿಂದ ಅವನ ಚಹಾ ಚೆಲ್ಲಿದ ಪ್ಯಾಂಟನ್ನು ನೋಡುತ್ತಿದ್ದಳು. ಹತ್ತಿರ ಬರಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

ಕ್ಷಮಿಸುವುದರಲ್ಲೂ ಚಿಕ್ಕವನೇ ಮುಂದು ಎಂದುಕೊಂಡ ದೊಡ್ಡವನು. ಬೈದಿದ್ದರೆ ಸಲೀಸಾಗಿತ್ತು.

"ಎಡಗಡೆ ಬಂಡೆಗೂ ನೌಕೆಗೂ ನಡುವೆ ಎಷ್ಟು ಉಳಿದಿತ್ತು?" ಎಂದು ಕೇಳಿದ.

"ಬಿಡಿ ಅಣ್ಣ. ಊಟಕ್ಕೆ ನಮ್ಮನೆಗೆ ಬನ್ನಿ."

"ಬರ್ತೀನಿ. ಆ ಲೋಟ, ತಟ್ಟೆ ಎರಡೂ ತೆಗೆದಿಡು, ಪೂರ್ತಿ ಕೇಳ್ತೀನಿ. ಮೊದಲು ಇದನ್ನ ಹೇಳು. ಎಷ್ಟು?"

ಚಿಕ್ಕವನು ಟೋಪಿ ತೆಗೆದು ಹಣೆ ಒರೆಸಿಕೊಂಡ. ಸುಳ್ಳು ಹೇಳುವುದೋ ಬೇಡವೋ ಎಂದು ಅಳೆಯುತ್ತಿರುವುದು ಕಾಣುತ್ತಿತ್ತು. ಕಡೆಗೆ ಯಂತ್ರ ತೋರಿಸಿದ್ದನ್ನೇ ಹೇಳಿದ.

ಹನ್ನೊಂದು ಮೀಟರ್.