ಮಾದರಿ ಕೋಣೆ

ಹಿಂದುಹಿಂದಕ್ಕೇ ನಡೆಯುತ್ತಿದ್ದಾಳೆ ಯೂನಿವರ್ಸಿಟಿ ಸುತ್ತಿ ತೋರಿಸುವ ಹಳದಿ ಟೀ-ಶರ್ಟಿನ ಈ ಹುಡುಗಿ, ಮುಖವೆಲ್ಲ ಗುಂಪಿನ ಕಡೆ, ಬೆನ್ನು ಮೆಟ್ಟಿಲ ಕಡೆ, ಈಗ ಎಡವುತ್ತಾಳೆ, ಈಗ — ಇಲ್ಲ, ಹಿಮ್ಮಡಿ ತಾನಾಗಿಯೇ ಎದ್ದು ಮೆಟ್ಟಿಲನ್ನು ಹುಡುಕಿಕೊಂಡಿತು, ಅಂದರೆ ಬೆಳಗಿನಿಂದ ಎಷ್ಟು ಗುಂಪುಗಳನ್ನು ಹೀಗೆಯೇ ಸುತ್ತಿಸಿದ್ದಾಳೋ, ಎಲ್ಲರಿಗೂ ಇದೇ ನಗು, ಇದೇ ಜಾಗದಲ್ಲಿ ಇದೇ ಜೋಕು, ನಮ್ಮ ಲೈಬ್ರರಿ ರಾತ್ರಿ ಮಲಗೋದೇ ಇಲ್ಲ, ನಾವು ಮಾತ್ರ ಹಗಲಲ್ಲೇ ಅಲ್ಲಿ ಮಲಗ್ತೀವಿ, ಬಂದಿದ್ದ ಅಪ್ಪ ಅಮ್ಮಂದಿರು ಗೊಳ್ಳೆಂದರು, ಅವನು ನಗಲಿಲ್ಲ. ಹುಲ್ಲು ನೋಡಿದರೆ ಸಾಕು, ಮೊನ್ನೆಯೋ ನಿನ್ನೆಯೋ ಚಾಪೆಯ ಹಾಗೆ ಸುತ್ತಿ ತಂದು ಹಾಸಿದ್ದಾರೆ, ಅಂಚುಗಳು ಇನ್ನೂ ಒಂದಕ್ಕೊಂದು ಕೂಡಿಲ್ಲ, ಬೂಟಿನ ತುದಿಯಿಂದ ಮೆಲ್ಲಗೆ ಎತ್ತಿದರೆ ಕೆಳಗೆ ಬರೀ ಜಲ್ಲಿ, ಒಂದು ದಿನದ ಮಟ್ಟಿಗೆ ಊರವರ ಕಿವಿಗೆಲ್ಲ ಹೂವಿಡುವ ಏರ್ಪಾಡು, ನಾಳೆ ಬಂದು ನೋಡಬೇಕು ಇವರ ಬಣ್ಣ — ನಿಂಗೆ ಹೇಳಿ ಮಾಡ್ಸಿದ ಹಾಗಿದೆ ಕಣೋ, ಎಂದಳು ಪಕ್ಕದಿಂದ ಅಕ್ಕ. ಶುರುವಾಯಿತು. ಅಕ್ಕನಂತೆ ಅಕ್ಕ, ಅವಳಿ ಜವಳಿ ಇಬ್ಬರೂ, ಇವನಿಗಿಂತ ಒಂದು ಚೂರು ಮೊದಲು ಹೊರಗೆ ಬಂದಳೆಂಬ ಒಂದೇ ಕಾರಣಕ್ಕೆ ಹುಟ್ಟಿದಂದಿನಿಂದ ದೊಡ್ಡವಳು, ಹೋದ ಶನಿವಾರ ನದಿ ದಂಡೆಯ ಯೂನಿವರ್ಸಿಟಿಯಲ್ಲೂ ಇದನ್ನೇ ಹೇಳಿದಳು, ಅದರ ಹಿಂದಿನ ವಾರ ಗಡಿಯಾರದ ಗೋಪುರ ಇದ್ದದ್ದರಲ್ಲೂ ಇದನ್ನೇ, ಮೂರೂ ಕಡೆ ಇವನಿಗೇ ಹೇಳಿ ಮಾಡಿಸಿದ್ದಾರಂತೆ, ಮೂರೂ ಮನೆಯಿಂದ ಅರ್ಧ ದಿನದ ದಾರಿ. ನಿಂಗೆ, ನಿಂಗೆ, ನಿಂಗೆ. ನಮಗೆ ಎಂಬ ಮಾತು ಒಮ್ಮೆಯೂ ಬರಲಿಲ್ಲ, ಮತ್ತೆ ನಿಂದೇನೇ ಎಂದರೆ ನಂದು ಆಮೇಲೆ ನೋಡೋಣ ಬಿಡು. ಸಾಗಹಾಕುತ್ತಿದ್ದಾಳೆ. ಬೆಣ್ಣೆ ಹಚ್ಚಿ ಸಾಗಹಾಕುತ್ತಿದ್ದಾಳೆ.

ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಶನಿವಾರ ರಜೆ ಸಿಗುವುದಿಲ್ಲ, ಅದಕ್ಕೇ ಚಿಕ್ಕಪ್ಪನ ಕಾರು, ಚಿಕ್ಕಪ್ಪ ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವನು, ಯಾರ ಗಾಡಿಯಲ್ಲಿ ಕುಳಿತರೂ ಇಲ್ಲದ ಬ್ರೇಕನ್ನು ತುಳಿಯುವವನು, ದಾರಿಯುದ್ದಕ್ಕೂ ನೋಡು ಈ ಕತ್ತೆ ಹೆಂಗೆ ತಿರುಗಿಸ್ತಾನೆ, ಇವನಿಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರು — ಇವನಿಗೆ ಮಾತ್ರ ಕಲಿಸುವುದಿಲ್ಲ, ಸ್ಟಿಯರಿಂಗ್ ಮುಟ್ಟಲೂ ಬಿಡುವುದಿಲ್ಲ, ಯಾಕೆಂದರೆ ಅದು ಬರುತ್ತದಲ್ಲ. ಮನೆಯಲ್ಲಿ ಅದಕ್ಕೆ ಹೆಸರಿಲ್ಲ, ಅದು ಬಂದಿತ್ತು, ಅದು ಈ ತಿಂಗಳು ಬರಲಿಲ್ಲ, ಸದ್ಯ, ಯಾರೋ ನೆಂಟರ ಸುದ್ದಿಯ ಹಾಗೆ. ಡಾಕ್ಟರು ಮಾತ್ರ ಫಿಟ್ಸ್ ಎಂದು ಬಾಯಿಬಿಟ್ಟು ಹೇಳುತ್ತಾರೆ, ಮಾತ್ರೆಗೆ ಬಹಳಷ್ಟು ಬಗ್ಗಿದೆ, ಹಗಲು ಈಗ ಬರುವುದೇ ಇಲ್ಲ, ನಿದ್ದೆಯಲ್ಲಿ ಆಗೊಮ್ಮೆ ಈಗೊಮ್ಮೆ, ಎಚ್ಚರವಾದಾಗ ಬಾಯಲ್ಲಿ ರಕ್ತದ ರುಚಿ, ಮಗ್ಗುಲಾಗಿ ಮಲಗಿಸಿರುತ್ತಾರೆ, ತಲೆಯ ಕೆಳಗೆ ದಿಂಬು ಸರಿಯಾಗಿರುತ್ತದೆ, ಅಮ್ಮ ಎಂದುಕೊಳ್ಳುತ್ತಾನೆ. ಶಾಲೆಯಲ್ಲಿ ಎಲ್ಲರಿಗೂ ಗೊತ್ತು, ಒಂದು ಸಲ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಿದ್ದ, ಅಂದಿನಿಂದ ಅವನ ಪಕ್ಕದ ಜಾಗ ಒಂದು ಮೊಳ ಖಾಲಿ. ಇಲ್ಲಿ ಯಾರಿಗೂ ಗೊತ್ತಿರಬಾರದು. ಇಲ್ಲಿ ಅವನು ಕಲ್ಲುಮಣ್ಣಿನ ವಿಷಯ ಓದಲು ಬಂದ ಹುಡುಗ, ಅಷ್ಟೇ, ಪಕ್ಕದಲ್ಲಿ ಒತ್ತಿ ಕುಳಿತುಕೊಳ್ಳಬಹುದಾದ ಹುಡುಗ.

ಭೂವಿಜ್ಞಾನದ ಕೋಣೆಯಲ್ಲಿ ಮಾತ್ರ ಅನುಮಾನಪಡಲು ಏನೂ ಸಿಗಲಿಲ್ಲ, ಹುಡುಕಿದ, ಸಿಗಲಿಲ್ಲ, ಗಡ್ಡದ ಮೇಷ್ಟ್ರು ನಗಲೂ ಇಲ್ಲ, ಏನನ್ನೂ ಹೊಗಳಲೂ ಇಲ್ಲ, ಬೂದು ಕಲ್ಲೊಂದನ್ನು ಅವನ ಅಂಗೈಯಲ್ಲಿಟ್ಟು ಭಾರ ಇದೆಯಾ ಎಂದರು, ಇಲ್ಲ ಸಾರ್, ಹಗುರ, ಯಾಕಿರಬಹುದು ಹೇಳು, ಒಳಗೆ ಗಾಳಿ ಇದೆಯಾ ಸಾರ್, ಭಲೇ — ಎದೆಯೊಳಗೆ ಏನೋ ಬೆಚ್ಚಗಾಯಿತು, ಅದೇ ಹೊತ್ತಿಗೆ ಕಣ್ಣಂಚಿನಲ್ಲಿ ಬಾಗಿಲು, ಬಾಗಿಲಲ್ಲಿ ಅಕ್ಕನ ಬೆನ್ನು. ಹೊರಟಳು. ಮೂರನೆಯ ಸಲ. ನದಿ ದಂಡೆಯಲ್ಲೂ ಹೀಗೇ ಮಾಯವಾದಳು, ಗೋಪುರದ ಕಡೆಯೂ, ಎಲ್ಲಿಗೆ ಹೋಗಿದ್ದೆ ಎಂದರೆ ಟಾಯ್ಲೆಟ್ಟು, ಟಾಯ್ಲೆಟ್ಟಿಗೆ ಯಾರಾದರೂ ಒಂದು ಗಂಟೆ ಹೋಗುತ್ತಾರೆಯೇ, ಯಾರನ್ನೋ ನೋಡಲು ಹೋಗುತ್ತಾಳೆ, ಯಾವನೋ ಇದ್ದಾನೆ, ಇವನನ್ನು ಇಲ್ಲೆಲ್ಲೋ ತಳ್ಳಿ ಅವನ ಜೊತೆ — ಕಲ್ಲನ್ನು ಮೇಜಿನ ಮೇಲಿಟ್ಟ, ಮೇಷ್ಟ್ರು ಏನೋ ಕೇಳುತ್ತಿದ್ದರು, ಒಂದು ನಿಮಿಷ ಸಾರ್, ಓಡಿದ.

ಹಾಸ್ಟೆಲಿನ ಕೆಳಗೆ ಹುಡುಗರಿಗೂ ಹುಡುಗಿಯರಿಗೂ ಒಂದೇ ವಿಚಾರಣೆಯ ಮೇಜು, ಮೇಜಿನ ಹಿಂದೆ ಚಹಾ ಆರಿಸಿಕೊಳ್ಳುತ್ತ ವಾರ್ಡನಮ್ಮ, ಮುಂದೆ ಅಕ್ಕ, ಬೇರೆ ಯಾರೂ ಇಲ್ಲ, ಯಾವನೂ ಇಲ್ಲ, ಕಂಬದ ಮರೆಯಲ್ಲಿ ನಿಂತ ಅವನಿಗೆ ತನ್ನ ಉಸಿರೇ ದೊಡ್ಡದಾಗಿ ಕೇಳುತ್ತಿದೆ. ರಾತ್ರಿ ಹೊತ್ತು ರೂಮಲ್ಲಿ ಯಾರಿಗಾದ್ರೂ ಫಿಟ್ಸ್ ಬಂದ್ರೆ ಯಾರಿಗೆ ಕೇಳ್ಸತ್ತೆ ಮೇಡಂ? ಕೆಳಗೆ ಗಾರ್ಡ್ ಇರ್ತಾರಮ್ಮ. ಕೆಳಗಿದ್ರೆ ಕೇಳ್ಸಲ್ಲ ಮೇಡಂ, ಕೂಗೋದಿಲ್ಲ, ಮಂಚ ಅಲ್ಲಾಡೋ ಸದ್ದು ಅಷ್ಟೇ ಬರೋದು, ಆಮೇಲೆ ಗಂಟಲಲ್ಲಿ ಗೊರಗೊರ. ಯಾರಿಗಮ್ಮಾ, ನಿಂಗಾ? ಹೂಂ, ನಂಗೇ. ಎಷ್ಟು ಸಲೀಸಾಗಿ ಹೇಳಿದಳು, ಕಣ್ಣು ಕೂಡ ಮಿಟುಕಿಸದೆ, ಮೂರೂ ಊರಿನಲ್ಲಿ ಹೀಗೇ ಹೇಳಿಕೊಂಡು ಬಂದಳೇ, ಅಯ್ಯೋ ಪಾಪ ಎನ್ನುವ ಆ ಮುಖವನ್ನು ತನ್ನ ಮೇಲೆ ಎಳೆದುಕೊಂಡು, ಅವನ ಕಿವಿ ಕಾದು ಕೆಂಪಾಯಿತು, ಸಿಟ್ಟೇ ಇರಬೇಕು, ಕೇಳಿದ್ದು ಯಾರು ಇವಳನ್ನು — ಮಂಚದ ಸದ್ದು ಇವಳಿಗೆ ಹೇಗೆ ಗೊತ್ತು? ನಿದ್ದೆ ಹತ್ತಿದರೆ ಕೊರಡು ಎಂದು ಅಮ್ಮ ಬೈಯುವುದು ಇವಳನ್ನೇ ಅಲ್ಲವೇ? ಮನೆಯಲ್ಲಿ ಇಬ್ಬರ ನಡುವೆ ಇರುವುದು ಒಂದು ಹಲಗೆಯ ಗೋಡೆ, ಆ ಕಡೆ ಇವಳ ಮಂಚ, ಕಿಟಕಿಯ ಪಕ್ಕಕ್ಕೆ ಹಾಕಿಕೊಳ್ಳೇ ಗಾಳಿ ಬರುತ್ತೆ ಎಂದು ಅಮ್ಮ ಎಷ್ಟು ಹೇಳಿದರೂ ಗೋಡೆಗೆ ಅಂಟಿಸಿಯೇ ಹಾಕಿಕೊಂಡ ಮಂಚ. ದಿಂಬು ಸರಿಪಡಿಸುತ್ತಿದ್ದದ್ದು ಅಮ್ಮನಲ್ಲ.

ಅಕ್ಕ ಮೇಲೆ ಹೋದಳು, ಹಿಂದೆಯೇ ಹೋದ, ಬಂದವರಿಗೆ ತೋರಿಸಲೆಂದು ತೆರೆದಿಟ್ಟ ಮಾದರಿ ಕೋಣೆ, ಮಡಿಕೆ ಬಿಚ್ಚದ ಹೊದಿಕೆ, ಹಾಸಿಗೆಗೆ ಇನ್ನೂ ಪ್ಲಾಸ್ಟಿಕ್ಕು, ಮೇಜಿನ ಮೇಲೆ ಎಂದೂ ಬಾಡದ ಕಾಗದದ ಹೂವು, ಅಕ್ಕ ಅದ್ಯಾವುದನ್ನೂ ನೋಡಲಿಲ್ಲ. ಮಂಚದ ತಲೆಭಾಗದ ಗೋಡೆಯ ಹತ್ತಿರ ಹೋಗಿ, ಬೆರಳು ಮಡಚಿ, ಗೆಣ್ಣಿನಿಂದ ಠಕ್ ಠಕ್ ಎಂದು ಕುಟ್ಟಿದಳು. ಕಿವಿಯಾನಿಸಿದಳು. ಹೊರಗೆ ಬಂದು, ಬಾಗಿಲ ಸಂದಿನಲ್ಲಿದ್ದ ಅವನನ್ನು ಕಾಣದೆ, ಪಕ್ಕದ ಕೋಣೆಗೆ ಹೋದಳು, ಅಲ್ಲಿಂದಲೂ ಕುಟ್ಟಿರಬೇಕು, ಇಲ್ಲಿಗೆ ಏನೇನೂ ಕೇಳಿಸಲಿಲ್ಲ. ತಿರುಗಿ ಬಂದವಳು ಎದುರಿಗೇ ಸಿಕ್ಕಳು. ಕಲ್ಲಿನ ಕ್ಲಾಸು ಮುಗೀತೇನೋ ಆಗ್ಲೇ? ಗೋಡೆ ಹೇಗಿದೆ, ಎಂದ. ಅವಳ ಮುಖ ಸಣ್ಣದಾಯಿತು, ಸುಳ್ಳು ಹೇಳಲು ಹೊರಟು ಬಿಟ್ಟುಬಿಟ್ಟಳು. ಗಟ್ಟಿ. ಕಾಂಕ್ರೀಟು. ನದಿ ಕಡೇದು ಪರವಾಗಿಲ್ಲ, ಆದ್ರೆ ಅಲ್ಲಿ ನಿನ್ನ ಕಲ್ಲು ಇಲ್ಲ. ಇಲ್ಲಿ ಇದೆ, ಎಂದ. ಗೊತ್ತು, ನಿನ್ನ ಮುಖ ನೋಡ್ದೆ, ಅದಕ್ಕೇ ಹಾಸ್ಟೆಲ್ ನೋಡಕ್ಕೆ ಬಂದಿದ್ದು. ನಾನು ಇಲ್ಲಿಗೆ ಅರ್ಜಿ ಹಾಕಲ್ಲ ಕಣೋ, ನರ್ಸಿಂಗಿಗೆ ಊರಲ್ಲೇ ಹಾಕ್ತೀನಿ, ನಂಗೂ ಒಂದು ದಿನ ನಿದ್ದೆ ಬೇಡ್ವಾ, ನಗಲು ನೋಡಿದಳು, ರೂಮಲ್ಲಿ ಜೊತೆಗೆ ಯಾರು ಬರ್ತಾನೋ ಅವ್ನಿಗೆ ಮೊದಲ ದಿನವೇ ಹೇಳ್ಬಿಡು, ನಾನು ಹೇಳಕ್ಕಾಗಲ್ಲ, ನೀನೇ ಹೇಳ್ಬೇಕು. ಅಂದರೆ ಅವನ ಅನುಮಾನ ಸುಳ್ಳಲ್ಲ, ಬಿಟ್ಟು ಹೋಗುತ್ತಿದ್ದಾಳೆ ನಿಜ, ಆದರೆ ಬಿಡುವ ಮುನ್ನ —

ಏನಪ್ಪಾ, ಇದೇನಾ ಗಟ್ಟಿ ಮಾಡಿದ್ದು, ಎನ್ನುತ್ತಾನೆ ಚಿಕ್ಕಪ್ಪ ಗೇರು ಬದಲಿಸುತ್ತ. ಇದೇ, ಎನ್ನುತ್ತಾನೆ ಅವನು. ಪಕ್ಕದಲ್ಲಿ ಅಕ್ಕ ಕಣ್ಣು ಮುಚ್ಚಿದ್ದಾಳೆ, ಮಲಗಿದ್ದಾಳೋ ನಾಟಕವೋ, ಇವಳ ಯಾವ ನಿದ್ದೆಯನ್ನು ಇನ್ನು ನಂಬುವುದು, ಹೇಳಬೇಕಂತೆ, ಮೊದಲ ದಿನವೇ, ನೋಡು ನನಗೆ ರಾತ್ರಿ ಒಮ್ಮೊಮ್ಮೆ, ಇಲ್ಲ, ನೋಡು ನನಗೆ ಫಿಟ್ಸ್ ಇದೆ, ಹೆದರಬೇಡ, ಮಗ್ಗುಲಾಗಿ ಮಲಗಿಸಿದರೆ ಸಾಕು, ಅವನು ಯಾರೋ, ನಕ್ಕರೆ, ಬೇರೆ ಕೋಣೆ ಕೇಳಿಕೊಂಡರೆ, ಹೂಂ ಎಂದು ತಲೆಯಾಡಿಸಿ ಗಾಢ ನಿದ್ದೆಯವನಾದರೆ, ಯಾರಿಗೆ ಇದ್ದೀತು ಅಂಥ ಕಿವಿ — ಮಾದರಿ ಕೋಣೆಯ ಹಳದಿ ಗೋಡೆ, ಮಡಚಿದ ಬೆರಳು, ಠಕ್ ಠಕ್, ಕೆನ್ನೆ ಅಪ್ಪಚ್ಚಿಯಾಗುವಷ್ಟು ಒತ್ತಿ ಹಿಡಿದ ಕಿವಿ, ಕಾಯುತ್ತಿರುವ ಅಕ್ಕ, ಮತ್ತೆ ಠಕ್ ಠಕ್, ಆ ಕಡೆಯ ಮಂಚದಲ್ಲಿ ಇನ್ನೂ ಯಾರೂ ಮಲಗಿಲ್ಲ, ಆದರೂ ಉಸಿರು ಬಿಗಿಹಿಡಿದು, ಗೋಡೆಗೆ ಆನಿಸಿದ ಆ ಕಿವಿ —