ಎರಡನೆಯ ಚರಣದ ಮುಂಚಿನ ಉಸಿರು

ಹೆಡ್‌ಫೋನಿನ ಮೆತ್ತೆ ಬೆವರಿಗೆ ಕಿವಿಗಂಟಿಕೊಂಡಿದೆ, ಬಲಗಿವಿಯೊಳಗೆ ಏನೋ ಗುಂಯ್ ಅನ್ನುತ್ತಿದೆ, ಅದು ತಂತಿಯದೋ ತನ್ನ ಎಪ್ಪತ್ತೇಳು ವರ್ಷದ ತಲೆಯದೋ ಆರ್ಥೆಲ್ ಪಿಂಕ್‌ಸ್ಟನ್‌ಗೆ ತಿಳಿಯುತ್ತಿಲ್ಲ — ಗಾಜಿನಾಚೆ ಗ್ರಿಫಿನ್ ಗುಂಡಿಯೊತ್ತಿ ಮಾತಾಡುತ್ತಾನೆ, ನ್ಯೂಯಾರ್ಕಿನಿಂದ ಮೆಂಫಿಸ್‌ಗೆ ಬಂದಿಳಿದ ಬಿಳಿಯ, ಗಡ್ಡದವ, ಈ ಆಲ್ಬಮ್ಮಿನ ನಿರ್ಮಾಪಕ, ಇನ್ನೊಂದ್ಸಲ ಸರ್, ಇನ್ನೂ ಸ್ವಲ್ಪ ಒರಟಾಗಿ, ಜಗಲಿ ಮೇಲೆ ಒಬ್ರೇ ಕೂತು ಹಾಡ್ಕೊಳ್ತಿದೀರಿ ಅನ್ನೋ ಥರ. ಯಾವ ಜಗಲಿಯಪ್ಪಾ, ಮುದಿ ಕರಿಯ ಗಾಯಕನೆಂದರೆ ಹತ್ತಿಹೊಲದಿಂದಲೇ ಬಂದಿರಬೇಕೇ, ಆರ್ಥೆಲ್ ಹುಟ್ಟಿದ್ದು ದಕ್ಷಿಣ ಮೆಂಫಿಸ್‌ನ ಸರ್ಕಾರಿ ವಠಾರದ ಎರಡನೆಯ ಮಹಡಿಯಲ್ಲಿ, ಅಲ್ಲಿ ಜಗಲಿಯೂ ಇರಲಿಲ್ಲ ಹತ್ತಿಹೊಲವೂ ಇರಲಿಲ್ಲ, ಅಮ್ಮ ಆಸ್ಪತ್ರೆಯ ಬಟ್ಟೆ ಒಗೆದು ಒಗೆದು ಬೆಳ್ಳಗಾದ ಬೆರಳುಗಳಲ್ಲೇ ಮಗನ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದಳು, ಬಡವ್ರಾಗಿರೋದೇ ಸಾಕು ಕಣೋ, ಬಡವ್ರ ಹಾಗೆ ಕಾಣಿಸೋದೂ ಬೇಡ. ಈಗ ನೋಡು, ಆಲ್ಬಮ್ಮಿನ ಮುಖಪುಟದ ಫೋಟೋಗೆ ಬರಿಗಾಲಲ್ಲಿ ನಿಲ್ಲಿಸಿದರು, ಊರಾಚೆ ಯಾರದೋ ಮುರುಕು ಕೊಟ್ಟಿಗೆಯ ಮುಂದೆ, ಶೂ ಬಿಚ್ಚಿಟ್ಟ ಕಾಲಿಗೆ ಕಲ್ಲು ಚುಚ್ಚುತ್ತಿತ್ತು, ಆ ಕ್ಯಾಮೆರಾದ ಹೆಂಗಸು, ನಗ್ಬೇಡಿ ಸರ್, ನೋವು ಕಾಣ್ಬೇಕು ಅಂದಳು. ಹನ್ನೊಂದು ಸೂಟುಗಳಿದ್ದವು ಒಂದು ಕಾಲಕ್ಕೆ, ನೇರಳೆಹಣ್ಣಿನ ಬಣ್ಣದ್ದೊಂದು, ಬೆಣ್ಣೆಯ ಬಣ್ಣದ್ದೊಂದು, ಬೆನ್ನ ಹಿಂದೆ ಐದು ಜನ ತುತ್ತೂರಿಯವರು ಒಂದೇ ಬಣ್ಣದ ಕೋಟು ತೊಟ್ಟು ಒಟ್ಟಿಗೇ ಎಡಕ್ಕೆ ವಾಲಿ ಬಲಕ್ಕೆ ವಾಲಿ — ತುತ್ತೂರಿ ಬೇಡ ಸರ್, ಅದು ಬಂದ್ರೆ ನಿಜ ಅನ್ಸಲ್ಲ. ಜೀವಮಾನವೆಲ್ಲ ಯಾವುದರಿಂದ ಓಡಿ ತಪ್ಪಿಸಿಕೊಂಡನೋ ಅದೇ ಈಗ ಅವನ ನಿಜವಂತೆ, ಹೂಂ, ಇರಲಿ, ಇಪ್ಪತ್ತೆರಡು ವರ್ಷದಿಂದ ಯಾರೂ ಕರೆದಿರಲಿಲ್ಲ, ಕರೆದರು, ಬಂದ, ಬಾಲ ಅಲ್ಲಾಡಿಸಿಕೊಂಡೇ ಬಂದ, ಸುಳ್ಳೇಕೆ. ಉಂಗುರದ ಬೆರಳಿನ ಗಿಣ್ಣು ಊದಿದೆ, ತಂತಿ ಎಳೆದರೆ ಮೊಣಕೈವರೆಗೂ ಉರಿ, ಗಂಟಲಿನ ಮೇಲಿನ ಸ್ವರಗಳು ಎಂದೋ ಹೋದವು, ಉಳಿದಿರುವ ಈ ಗೊರಗೊರವನ್ನೇ ಗ್ರಿಫಿನ್ ಚಿನ್ನ ಅನ್ನುತ್ತಾನೆ, ಚಿನ್ನವಂತೆ, ಚಿನ್ನ ಇದ್ದಾಗ ನೀನಿನ್ನೂ ಹುಟ್ಟಿರಲಿಲ್ಲವಲ್ಲೋ.

ಇವತ್ತು ನಿಮಗೊಂದು ಉಡುಗೊರೆ ಇದೆ ಸರ್, ಅನ್ನುತ್ತಾನೆ ಗ್ರಿಫಿನ್, ಮುಖ ಮೊರದಗಲ ಮಾಡಿಕೊಂಡು, ಎಪ್ಪತ್ನಾಲ್ಕರ ಟೇಪು ಸಿಕ್ತು, ಅಗುಳಿ ಹಾಕಬೇಡ ಅನ್ನೋ ನಿಮ್ಮ ಹಾಡಿಂದು, ಮೊದಲ್ನೇ ಚರಣ ಆವಾಗಿನ ನೀವು ಹಾಡ್ತೀರಿ, ಎರಡನೇದು ಈಗಿನ ನೀವು, ಒಂದೇ ಹಾಡಲ್ಲಿ ಐವತ್ತು ವರ್ಷ, ಹೇಗಿದೆ. ಚೆನ್ನಾಗಿದೆ ಅನ್ನುತ್ತಾನೆ ಆರ್ಥೆಲ್, ಅವನ ಹೆಸರು ಅಷ್ಟಿಷ್ಟು ಉಳಿದಿರುವುದೇ ಆ ಒಂದು ಹಾಡಿನಿಂದ, ಚೆನ್ನಾಗಿಲ್ಲ ಅನ್ನಲು ಯಾವ ಬಾಯಿ. ಆಗಿನ ಟೇಪಿನಲ್ಲಿ ಒಂದೊಂದು ದನಿಗೂ ಒಂದೊಂದು ಪಟ್ಟಿ, ಬೇರೆ ಬೇರೆ ಟ್ರ್ಯಾಕು, ಗ್ರಿಫಿನ್ ಬಿಡಿಬಿಡಿಯಾಗಿ ಕೇಳಿಸುತ್ತಾನೆ, ಡ್ರಮ್ಮು, ಆರ್ಗನ್ನು, ಗಿಟಾರು — ಅಬ್ಬಾ ಆ ಗಿಟಾರು, ಇಪ್ಪತ್ತಾರರ ಬೆರಳು, ಯಾರಿಗೂ ಹೆದರದ ಬೆರಳು — ಆಮೇಲೆ ಅವನ ದನಿ, ಆಮೇಲೆ ಇನ್ನೊಂದು ಪಟ್ಟಿ, ಏನೂ ಇಲ್ಲ, ಬರೀ ಸುಂಯ್ ಅನ್ನುವ ಟೇಪಿನ ಸದ್ದು, ಏನೂ ಇಲ್ಲ, ಏನೂ ಇಲ್ಲ, ಆಮೇಲೆ, ಎರಡನೆಯ ಚರಣದ ಬಾಗಿಲಲ್ಲಿ, ಒಂದು ಉಸಿರು. ಹೆಣ್ಣಿನ ಉಸಿರು, ಒಳಕ್ಕೆಳೆದದ್ದು, ಎದೆ ತುಂಬ, ಅಷ್ಟೇ, ಮತ್ತೆ ಸುಂಯ್. ಇದ್ಯಾರ್ದು ಸರ್, ಅನ್ನುತ್ತಾನೆ ಗ್ರಿಫಿನ್, ಯಾರೋ ಹಾಡಿದಾರೆ, ಅಳಿಸಿದಾರೆ, ಉಸಿರು ಮಾತ್ರ ಉಳ್ಕೊಂಡಿದೆ.

ವರ್ನೀಸ್, ಆಗ ಇವನ ಜೊತೆ ಹಾಡುತ್ತಿದ್ದವಳು, ಇವನವಳು. ಸರಿಯಾಗಿ ಅಳಿಸಲಿಲ್ಲ ಆ ಡ್ಯೂಯಿ, ಆಗಿನ ಸ್ಟುಡಿಯೋದಲ್ಲಿ ಟೇಪಿನ ಯಂತ್ರ ನಡೆಸುತ್ತಿದ್ದವ, ಅವನಿಗೆ ಮನಸ್ಸಿರಲಿಲ್ಲ, ಬೇಡ ಕಣೋ ಆರ್ಥೆಲ್, ಪಾಪ ಕಣೋ, ಆ ಹುಡುಗಿ ಹಾಡಿರೋದು ಕೇಳಿದ್ರೆ ಕಲ್ಲೂ ಕರಗುತ್ತೆ ಅಂದಿದ್ದ, ಅದಕ್ಕೇ ಕಣೋ ಅಳಿಸು ಅಂತಿರೋದು ಅಂದಿರಲಿಲ್ಲವೇ ಇವನು, ಬಾಯಿಬಿಟ್ಟು ಅಂದಿರಲಿಲ್ಲ, ಹಾಡಿಗೆ ಎರಡು ದನಿ ಹೊಂದಲ್ಲ ಅಂದಿದ್ದ. ಹೊಂದುತ್ತಿತ್ತು. ನದಿಯಾಚೆ ಅರ್ಕನ್ಸಾದ ಆ ತಗಡಿನ ಮಾಡಿನ ಸಭಾಂಗಣದಲ್ಲಿ ಇಬ್ಬರೂ ಸೇರಿ ಮೊದಲ ಸಲ ಹಾಡಿದಾಗ ಅವನ ಚರಣಕ್ಕೆ ಜನ ಚಪ್ಪಾಳೆ ತಟ್ಟಿದರು, ಅವಳ ಚರಣಕ್ಕೆ ತಟ್ಟಲಿಲ್ಲ, ಎದ್ದು ನಿಂತರು, ಒಬ್ಬ ಮುದುಕಿ ಟೋಪಿ ತೆಗೆದು ಎದೆಗೊತ್ತಿಕೊಂಡು, ಹೇಳು ಮಗಳೇ, ಹೇಳು, ಅಂತ ಕೂಗಿದಳು, ಮುಂದಿನ ಸಾಲಿನ ಒಬ್ಬ, ಅಯ್ಯಾ ನೇರಳೆ ಸೂಟಿನವ್ನೇ, ನೀನು ಸುಮ್ನೆ ಬಾರ್ಸು, ಆಯಮ್ಮ ಹಾಡ್ಲಿ — ಎಲ್ಲರೂ ನಕ್ಕರು, ಇವನೂ ನಕ್ಕ, ವರ್ನೀಸ್ ಓರೆಗಣ್ಣಲ್ಲಿ ನೋಡಿ ನಕ್ಕಳು, ಅವಳ ನಗುವಿನಲ್ಲಿ ವಿಷ ಇರಲಿಲ್ಲ, ವಿಷವೆಲ್ಲ ಇವನೊಳಗೇ ಇತ್ತು. ಎರಡು ವಾರಕ್ಕೆ ಅಳಿಸಿಸಿದ. ಅವಳ ಚರಣವನ್ನು ತಾನೇ ಹಾಡಿ ತುಂಬಿದ. ಕಾರಿನಲ್ಲಿ ಪಕ್ಕ ಕೂರಿಸಿಕೊಂಡು ಹೇಳಿದ, ರೆಕಾರ್ಡ್ ಕಂಪನಿಯೋರು ನಿನ್ನ ಚರಣ ತೆಗ್ದುಬಿಟ್ರು ಕಣೇ, ನಾನೆಷ್ಟು ಜಗಳ ಆಡ್ದೆ ಗೊತ್ತಾ. ಅವಳು ಅಳುವುದು ಬಿಟ್ಟು ಇವನ ಕೈ ಹಿಡಿದುಕೊಂಡಳು, ಇವನದೇ ಕೈಯನ್ನು, ಹೋಗ್ಲಿ ಬಿಡೋ ರಾಜಾ, ಅವ್ರ ಬುದ್ಧೀನೇ ಅಷ್ಟು, ನೀನ್ಯಾಕೆ ಮುಖ ಸಪ್ಪೆ ಮಾಡ್ಕೋತೀಯ, ಇವತ್ತು ಮೀನು ಕರೀತೀನಿ ಬಾ. ಕರಿದಳು, ಜೋಳದ ಹಿಟ್ಟು ಹೊರಳಿಸಿ, ಖಾರವಾಗಿ, ಮೂರು ತುಂಡು ತಿಂದ ಇವನು, ಇನ್ನೊಂದು ಹಾಕು ಅಂದ. ಮೂರು ವರ್ಷ ಬಾಳಿದಳು ಜೊತೆಗೆ, ಬಿಟ್ಟುಹೋದದ್ದು ಬೇರೆ ಹೆಂಗಸಿನ ಕಾರಣಕ್ಕೆ, ಅಳಿಸಿಸಿದ್ದು ಇವನೇ ಅಂತ ಅವಳಿಗೆ ಗೊತ್ತೇ ಆಗಲಿಲ್ಲ, ಎಲ್ಲಿಯೂ ಮತ್ತೆ ರೆಕಾರ್ಡಿಗೆ ಹಾಡಲಿಲ್ಲ, ನನ್ನ ಗಂಟಲು ರೆಕಾರ್ಡಿನ ತಟ್ಟೆಗೆ ಒಗ್ಗೋದಲ್ಲ ಬಿಡಿ ಅನ್ನುತ್ತಿದ್ದಳಂತೆ, ಯಾರೋ ಹೇಳಿದರು, ಯಾರು ಹೇಳಿದ್ದು ಈಗ ನೆನಪಿಲ್ಲ.

ಸರ್, ಅನ್ನುತ್ತಾನೆ ಗ್ರಿಫಿನ್, ಯಾರದು, ಇದಾರಾ ಈಗ, ಇದ್ರೆ ಕರ್ಕೊಂಡು ಬರೋಣ ಸರ್, ಇವತ್ತೇ, ಇಬ್ರೂ ಒಂದೇ ಮೈಕಿನ ಮುಂದೆ, ಅವರ ಚರಣ ಅವ್ರೇ ಹಾಡ್ಲಿ. ಇದ್ದಾಳೆ. ಇಲ್ಲಿಂದ ಹತ್ತು ನಿಮಿಷದ ದಾರಿ, ಹೆಂಚಿನ ಬಣ್ಣದ ಇಟ್ಟಿಗೆಯ ಚರ್ಚು, ಭಾನುವಾರ ಅಲ್ಲಿನ ಹಾಡುವ ಮಕ್ಕಳ ಮುಂದೆ ಬಿಳಿ ಕೈಗವಸು ತೊಟ್ಟು ನಿಲ್ಲುತ್ತಾಳೆ, ಮೊನ್ನೆ ಈಸ್ಟರಿಗೆ ರಸ್ತೆಯಾಚೆ ಕಾರು ನಿಲ್ಲಿಸಿ ಕಿಟಕಿ ಇಳಿಸಿ ಕೇಳಿ ಬಂದಿದ್ದಾನೆ ಇವನು, ಎಪ್ಪತ್ತೈದರಲ್ಲೂ ಆ ಗಂಟಲು ಎಣ್ಣೆ ಹಾಕಿದ ಬಾಗಿಲು, ಸದ್ದಿಲ್ಲದೆ ತೆರೆಯುತ್ತದೆ. ಕರೆದರೆ ಬರುತ್ತಾಳೆ. ಬಂದರೆ ಡ್ಯೂಯಿ ಟೇಪಿನ ಪೆಟ್ಟಿಗೆಯ ಮೇಲೆ ಬರೆದು ಅಂಟಿಸಿದ ಚೀಟಿ ಇದೆ, ಗ್ರಿಫಿನ್‌ನ ಮೊಣಕೈ ಹತ್ತಿರವೇ ಇದೆ, ಪೆನ್ಸಿಲಿನಲ್ಲಿ, ವರ್ನೀಸಳ ದನಿ ಆರ್ಥೆಲ್ ಹೇಳಿದ್ದಕ್ಕೆ ಅಳಿಸಲಾಗಿದೆ, ಗ್ರಿಫಿನ್ ಇನ್ನೂ ಓದಿಲ್ಲ, ಅವಳು ಓದುತ್ತಾಳೆ, ಅವಳು ಎಲ್ಲವನ್ನೂ ಓದುತ್ತಾಳೆ, ಮತ್ತೆ ಬಂದರೆ ಹಾಡುತ್ತಾಳೆ, ಈ ಗೊರಗೊರದ ಪಕ್ಕದಲ್ಲಿ. ಸತ್ತುಹೋದಳು, ಅನ್ನುತ್ತಾನೆ ಆರ್ಥೆಲ್, ಎಷ್ಟು ಸಲೀಸಾಗಿ ಬರುತ್ತದೆ ಬಾಯಿಗೆ, ಸತ್ತುಹೋದಳಪ್ಪಾ, ತುಂಬ ಹಿಂದೆ, ಆ ಉಸಿರನ್ನೂ ತೆಗೆದುಬಿಡು, ಹಾಡಿಗೆ ಅಡ್ಡ. ಅಯ್ಯೋ, ಕ್ಷಮಿಸಿ ಸರ್. ಗ್ರಿಫಿನ್‌ನ ಬೆರಳು ಒಂದು ಗುಂಡಿಯನ್ನೊತ್ತುತ್ತದೆ, ಅಷ್ಟೇ ಕೆಲಸ, ಡ್ಯೂಯಿ ಅರ್ಧ ದಿನ ಗೊಣಗಿಕೊಂಡು ಮಾಡಿದ್ದು ಈಗ ಕಣ್ಣುಮಿಟುಕಿಸುವಷ್ಟರಲ್ಲಿ.

ಹಾಡು ಶುರು, ಇಪ್ಪತ್ತಾರರ ಆರ್ಥೆಲ್ ಕಿವಿಯಲ್ಲಿ ಹಾಡುತ್ತಿದ್ದಾನೆ, ಎಂಥ ಸೊಕ್ಕು ಆ ದನಿಗೆ, ಮುಗಿಯುತ್ತ ಬಂತು, ಗ್ರಿಫಿನ್ ಗಾಜಿನಾಚೆ ಕೈ ಎತ್ತಿ ಎಣಿಸುತ್ತಾನೆ, ಮೂರು, ಎರಡು, ಎರಡನೆಯ ಚರಣ, ಆರ್ಥೆಲ್ ಉಸಿರು ಒಳಕ್ಕೆಳೆದುಕೊಳ್ಳುತ್ತಾನೆ, ಎದೆ ತುಂಬ, ಮತ್ತೆ — ಅದು ಎಪ್ಪತ್ನಾಲ್ಕರ ಒಂದು ಶನಿವಾರ ಬೆಳಿಗ್ಗೆ, ಲಮಾರ್ ರಸ್ತೆಯ ಬ್ಯೂಟಿ ಪಾರ್ಲರಿನ ಬಾಗಿಲಲ್ಲಿ ನಿಂತಿದ್ದಾನೆ ಇವನು, ಅವಳನ್ನು ಕರೆದೊಯ್ಯಲು ಬಂದವ, ನಿನ್ನ ಚರಣ ಹಾಡಿನಲ್ಲಿಲ್ಲ ಅಂತ ಹೇಳಬೇಕು ಹೇಳಬೇಕು ಅಂದುಕೊಂಡು ವಾರವಿಡೀ ಹೇಳದೆ ಉಳಿದವ, ಒಳಗೆ ರೇಡಿಯೋದಲ್ಲಿ ಹಾಡು ಬಂದುಬಿಟ್ಟಿದೆ, ಗುಂಗುರು ನೇರ ಮಾಡಲು ಕಾಸಿದ ಬಾಚಣಿಗೆಯ ಹೊಗೆ, ಸುಟ್ಟ ಎಣ್ಣೆಯ ವಾಸನೆ, ವರ್ನೀಸ್ ಕುರ್ಚಿಯಿಂದ ಎದ್ದು ನಿಂತಿದ್ದಾಳೆ, ಅರ್ಧ ತಲೆ ನೇರ ಅರ್ಧ ತಲೆ ಗುಂಗುರು, ಸುಮ್ನಿರ್ರೇ ಎಲ್ಲಾ, ಬರ್ತೀನಿ ನೋಡ್ರೇ ಈಗ, ಈಗ ನಾನೇ, ತೋರುಬೆರಳು ಮೇಲಕ್ಕೆತ್ತಿದ್ದಾಳೆ, ಒಂಬತ್ತು ಹೆಂಗಸರು ಉಸಿರು ಬಿಗಿಹಿಡಿದು ರೇಡಿಯೋದತ್ತ ನೋಡುತ್ತಿದ್ದಾರೆ, ಬೆರಳು ಎತ್ತಿಯೇ ಇದೆ, ಸರ್, ಏನಾಯ್ತು ಸರ್, ಹಾಡಿ, ರೇಡಿಯೋದಿಂದ ಇವನ ದನಿ ಬರುತ್ತಿದೆ, ಬೆರಳು ಇಳಿದಿಲ್ಲ, ಸರ್, ಅವಳಿನ್ನೂ ನಗುತ್ತಲೇ ಇದ್ದಾಳೆ, ಬೆರಳು