ಪೆರೆಗ್ರಿನ್ ಬಿಚ್ಚಿದ ಬೇಸಿಗೆ

ಮೇಲಕ್ಕೆತ್ತಿದ ಕಾರಿನ ಅಡಿಯಲ್ಲಿ ನಿಂತಿದ್ದ ಮೆಕ್ಯಾನಿಕ್ ನೈಜೆಲ್ ಸ್ಕ್ರೂಡ್ರೈವರಿನಿಂದ ಅದರ ಉಕ್ಕಿನ ಚೌಕಟ್ಟಾದ ಚಾಸಿಯನ್ನು ಮೆಲ್ಲಗೆ ಒತ್ತಿದ. ಚಹಾದಲ್ಲಿ ನೆನೆದ ಬಿಸ್ಕತ್ತಿಗೆ ಚಮಚ ಇಳಿದಂತೆ ಅದು ಒಳಗೆ ಇಳಿಯಿತು.

"ಮುಗೀತು ಮಾರಾಯ. ಈ ವರ್ಷದ ತಪಾಸಣೆಯಲ್ಲಿ ಇದನ್ನ ಪಾಸ್ ಮಾಡೋಕಾಗಲ್ಲ. ಮಾಡಿದ್ರೆ ಚರ್ಚಿನ ತಿರುವಲ್ಲಿ ಎರಡು ತುಂಡಾಗುತ್ತೆ. ಮುಂದಿನ ತುಂಡು ಪಬ್ಬಿಗೆ ಹೋಗುತ್ತೆ, ನೀನು ಸ್ಮಶಾನಕ್ಕೆ."

"ವೆಲ್ಡ್ ಮಾಡಿದ್ರೆ?" ಕಾರಿನ ಮಾಲೀಕ ರೋಲಂಡ್ ಕೇಳಿದ.

"ಯಾವುದಕ್ಕೆ ಮಾಡ್ಲಿ? ವೆಲ್ಡ್ ಮಾಡೋಕೂ ಸ್ವಲ್ಪ ಕಬ್ಬಿಣ ಉಳಿದಿರಬೇಕಲ್ಲ."

ಅವನ ಪೆರೆಗ್ರಿನ್ ಟರ್ಬೊ ಕಾರಿನ ಮೇಲ್ಮೈ ಫೈಬರಿನದು. ಹೊರಗೆಲ್ಲ ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗಿನ ಉಕ್ಕು ಸದ್ದಿಲ್ಲದೆ ತುಕ್ಕಾಗುತ್ತದೆ. ಎಂಬತ್ತರ ದಶಕದಲ್ಲಿ ನಾಲ್ಕೈದು ವರ್ಷ ಮಾತ್ರ ತಯಾರಾದ ಕಾರು ಅದು; ಮಾಡಿದ ಕಾರ್ಖಾನೆಯ ಜಾಗದಲ್ಲಿ ಈಗ ಕಾರ್ಪೆಟ್ ಅಂಗಡಿಯಿದೆ. ಎರಡೇ ಸೀಟು. ರೋಲಂಡ್ ಥ್ರೋವರನಿಗೆ ಎರಡನೆಯ ಸೀಟು ಯಾವತ್ತೂ ಅಷ್ಟಾಗಿ ಬೇಕಾಗಿರಲಿಲ್ಲ. ಇಂಗ್ಲೆಂಡಿನ ನಾರ್ಫೋಕಿನ ಸಕ್ಕರೆ ಕಾರ್ಖಾನೆಯಲ್ಲಿ, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಪರೀಕ್ಷಿಸುತ್ತ ಅವನು ನಿವೃತ್ತನಾಗಿದ್ದ. ಮದುವೆಯಾಗಿರಲಿಲ್ಲ.

ಪೆರೆಗ್ರಿನ್ ಮಾಲೀಕರಲ್ಲಿ ಒಂದು ಪದ್ಧತಿ ಇತ್ತು. ಉಳಿಸಲಾಗದ ಕಾರನ್ನು ಗುಜರಿಗೆ ಹಾಕುವುದಿಲ್ಲ. ಬಿಚ್ಚಿ, ಬದುಕಬಲ್ಲ ಇನ್ನೊಂದಕ್ಕೆ ಕೊಡುತ್ತಾರೆ. ಭಾಗ ಬೇಕಾದವರು ಬರಲಿ ಎಂದು ರೋಲಂಡ್ ಆ ಮಾಲೀಕರ ಸಂಘದ ಪತ್ರಿಕೆಗೆ ಒಂದು ಸಾಲು ಕಳಿಸಿದ. ಮೇ ತಿಂಗಳ ಒಂದು ಶನಿವಾರ ಕಿಂಗ್ಸ್ ಲಿನ್ ಪಟ್ಟಣದಿಂದ ಬ್ರಿಜೆಟ್ ತನ್ನ ಹಳೆಯ ವ್ಯಾನಿನಲ್ಲಿ ಅವನ ಮನೆಯ ಗ್ಯಾರೇಜಿಗೆ ಬಂದಳು. ಅಂಚೆ ಹಂಚುವವಳು, ಐವತ್ತು ದಾಟಿದವಳು, ನಡಿಗೆ ಚುರುಕು. ಅವಳ ಪೆರೆಗ್ರಿನ್‌ನಲ್ಲಿ ಎಂಜಿನಿಗೆ ಗಾಳಿ ಊದಿ ಬಲ ಕೊಡುವ ಭಾಗ, ಟರ್ಬೊ, ಸುಟ್ಟುಹೋಗಿತ್ತು.

"ಅದೊಂದು ಸಿಕ್ಕಿದ್ರೆ ಆಗಸ್ಟಿನ ಪೆರೆಗ್ರಿನ್ ಮೇಳಕ್ಕೆ ನನ್ನ ಕಾರು ಓಡಿಸ್ಕೊಂಡೇ ಹೋಗ್ತೀನಿ. ಹೋದ ಸಲ ಲಾರಿ ಮೇಲೆ ತಗೊಂಡು ಹೋಗಿದ್ದೆ. ಶವಯಾತ್ರೆ ಬಂತು ಅಂತ ಎಲ್ರೂ ಟೋಪಿ ತೆಗೆದ್ರು ಕಣ್ರೀ."

ರೋಲಂಡ್ ನಕ್ಕ. ತನ್ನ ನಗುವಿನ ಸದ್ದು ಅವನಿಗೇ ಸ್ವಲ್ಪ ಹೆಚ್ಚಾಯಿತು ಎನಿಸಿತು.

ಟರ್ಬೊ ಎಂಜಿನಿನ ಮಗ್ಗುಲಲ್ಲಿ ಬಸವನಹುಳುವಿನ ಚಿಪ್ಪಿನಂತೆ ಕೂತಿತ್ತು. ಅದನ್ನು ಹಿಡಿದಿದ್ದ ನಟ್ಟುಗಳು ಕಾದು ಕಾದು ಕಚ್ಚಿಕೊಂಡಿದ್ದವು. ಇಬ್ಬರೂ ಸೇರಿ ಎಳೆದರೂ ಸ್ಪ್ಯಾನರ್ ಅಲುಗಲಿಲ್ಲ.

"ಬಲವಂತ ಮಾಡಿದ್ರೆ ಮುರಿಯುತ್ತೆ," ಅಂದ ರೋಲಂಡ್. "ಎಣ್ಣೆ ಬಿಟ್ಟು ಒಂದು ವಾರ ನೆನೆಯೋಕೆ ಬಿಡೋಣ. ಮುಂದಿನ ಶನಿವಾರ... ನಿಮಗೆ ಪುರುಸೊತ್ತಿದ್ರೆ."

"ಬರ್ತೀನಿ. ಚಹಾ ಕೊಡ್ತೀರ ತಾನೆ? ನನಗೆ ಎರಡು ಚಮಚ ಸಕ್ಕರೆ. ಸಕ್ಕರೆ ಕಾರ್ಖಾನೆಯವರ ಮನೇಲಿ ಸಂಕೋಚ ಯಾಕೆ, ಅಲ್ವಾ?"

ಆ ವಾರ ಅವನು ದಿನವೂ ಎಣ್ಣೆ ಬಿಟ್ಟ. ಗುರುವಾರ ಸುಮ್ಮನೆ ಪರೀಕ್ಷಿಸೋಣವೆಂದು ಸ್ಪ್ಯಾನರ್ ಹಾಕಿದ. ಕಿರ್ರೆಂದು ನಟ್ಟು ತಿರುಗಿತು. ಇನ್ನೊಂದು ತಿರುಗಿತು. ಎಲ್ಲವೂ ಬಿಚ್ಚಿದವು.

ಅವನಿಗೆ ಮೊದಲು ಸಂತೋಷವಾಯಿತು. ಆಮೇಲೆ, ಶನಿವಾರ ಅವಳು ಬಂದು ಟರ್ಬೊ ಎತ್ತಿಕೊಂಡು ಹೋದರೆ ಮತ್ತೆ ಬರಲು ಕಾರಣವೇ ಇಲ್ಲ ಎಂದು ಹೊಳೆಯಿತು. ಅವನು ಗ್ಯಾರೇಜಿನಲ್ಲಿ ಬಹಳ ಹೊತ್ತು ನಿಂತಿದ್ದ. ಕೊನೆಗೆ ನಟ್ಟುಗಳನ್ನು ಒಂದೊಂದಾಗಿ ಉಜ್ಜಿ, ಮತ್ತೆ ಹಾಕಿ, ಬಿಗಿಯಾಗಿ ತಿರುಗಿಸಿದ.

ಶನಿವಾರ ಅವಳು ಸ್ಪ್ಯಾನರಿಗೆ ಕೈ ಹಾಕುವ ಮೊದಲೇ ಹೇಳಿದ: "ನೋಡಿದೆ. ಇನ್ನೂ ಹಾಗೇ ಇದೆ. ಇವತ್ತು ಬಾಗಿಲಿನ ಗಾಜು ತೆಗೆಯೋಣ್ವಾ?"

ಹಾಗೆ ಆ ಬೇಸಿಗೆ ಸಾಗಿತು. ಒಂದು ವಾರ ಗಾಜು, ಮತ್ತೊಂದು ವಾರ ಮುಂದಿನ ದೀಪಗಳನ್ನು ರೆಪ್ಪೆಯಂತೆ ಎತ್ತುವ ಮೋಟಾರು, ಇನ್ನೊಂದು ವಾರ ಸ್ಟೀರಿಂಗ್. ಅವಳು ತಾನು ಅಂಚೆ ಹಂಚುವ ಮನೆಗಳ ನಾಯಿಗಳ ಕಥೆ ಹೇಳುತ್ತಿದ್ದಳು, ಗಂಡನನ್ನು ಬಿಟ್ಟ ಕಥೆಯನ್ನೂ ನಗುತ್ತಲೇ ಹೇಳಿದಳು. ರೋಲಂಡ್ ಹೆಚ್ಚು ಮಾತಾಡಲಿಲ್ಲ. ಅವಳು ಹೋದ ಮೇಲೆ, ತಾನು ಏನು ಹೇಳಿದೆ, ಅದರಲ್ಲಿ ತಪ್ಪೇನಾದರೂ ಇತ್ತೇ ಎಂದು ಯೋಚಿಸುತ್ತಿದ್ದ. ಆಗಸ್ಟಿನ ಮೇಳವೂ ಬಂದು ಹೋಯಿತು. ಅದರ ಬಗ್ಗೆ ಅವಳು ಒಂದೇ ಮಾತು ಅಂದಳು: "ಈ ಸಲ ಹೋಗಲಿಲ್ಲ. ಮತ್ತೆ ಲಾರಿ ಮೇಲೆ ಯಾರು ಹೋಗ್ತಾರೆ?" ಅವನಿಗೆ ಅಂದು ಚಹಾ ಸೇರಲಿಲ್ಲ.

ಸೆಪ್ಟೆಂಬರಿನಲ್ಲಿ ಕಾರಿನ ಬರೀ ಹೊರಚಿಪ್ಪು ಮತ್ತು ಎಂಜಿನ್ ಉಳಿದವು. ಅವನು ಚಹಾ ತರಲು ಒಳಗೆ ಹೋಗಿದ್ದಾಗ ಬ್ರಿಜೆಟ್ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಿದ್ದಳು.

"ರೋಲಂಡ್, ಇಲ್ಲಿ ಬನ್ನಿ."

ಅವಳ ಬೆರಳ ತುದಿಯಲ್ಲಿ ತಾಮ್ರದ ಬಣ್ಣದ ಗ್ರೀಸ್ ಹೊಳೆಯುತ್ತಿತ್ತು. ನಟ್ಟು ಮುಂದೆ ಕಚ್ಚಿಕೊಳ್ಳದಿರಲಿ ಎಂದು ಜೋಡಿಸುವಾಗ ಹಚ್ಚುವ ಗ್ರೀಸ್.

"ಮೂವತ್ತು ವರ್ಷದಿಂದ ಬಿಚ್ಚದೇ ಇರೋ ನಟ್ಟಿಗೆ ಇಷ್ಟು ಹೊಸ ಗ್ರೀಸ್ ಎಲ್ಲಿಂದ ಬಂತು?"

ಅವನು ಚಹಾದ ಕಪ್ಪುಗಳನ್ನು ಹಿಡಿದುಕೊಂಡೇ ನಿಂತ. "ಒಣದಾಗೇ ಹಾಕೋಕೆ ಮನಸ್ಸು ಬರಲಿಲ್ಲ. ಮುಂದೆ ಬಿಚ್ಚೋರಿಗೆ ಕಷ್ಟ ಆಗ್ತಿತ್ತು."

"ಮುಂದೆ ಬಿಚ್ಚೋಳು ನಾನೇ ಅಲ್ವೇನ್ರೀ!"

ಅವಳು ಜೋರಾಗಿ ನಕ್ಕಳು. ನಗು ಮಧ್ಯದಲ್ಲೇ ನಿಂತಿತು. "ಯಾವಾಗ ಬಿಚ್ಚಿತ್ತು?"

"ಮೊದಲನೇ ವಾರ."

ಅವಳು ಬೆರಳನ್ನು ಚಿಂದಿಯಲ್ಲಿ ಒರೆಸಿಕೊಂಡಳು. ನಟ್ಟುಗಳು ಬೆಣ್ಣೆಯಲ್ಲಿ ಕೂತಂತೆ ಸರಾಗವಾಗಿ ಬಂದವು. ಟರ್ಬೊವನ್ನು ಇಬ್ಬರೂ ಎತ್ತಿ ವ್ಯಾನಿನಲ್ಲಿ ಕಂಬಳಿಯ ಮೇಲಿಟ್ಟರು. ಅವಳು ಚಹಾ ಪೂರ್ತಿ ಕುಡಿದಳು. ಆಮೇಲೆ ವ್ಯಾನ್ ಹತ್ತಿ, ಎಂಜಿನ್ ಚಾಲೂ ಮಾಡಿ, ಕಿಟಕಿ ಇಳಿಸಿದಳು.

"ಮೇಳ ತಪ್ಪಿದ್ದಕ್ಕೆ ನನಗೆ ಸಿಟ್ಟಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ರೋಲಂಡ್, ಇಷ್ಟೆಲ್ಲ ಯಾಕೆ? ಸುಮ್ಮನೆ ಬಾ ಅಂತ ಕರೀಬಹುದಿತ್ತು."

ಅವಳು ಹೊರಡಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತ ಕಾದಳು. ಅವಳು ಕಾಯುತ್ತಿದ್ದಾಳೆಂದು ಅವನಿಗೂ ಗೊತ್ತಾಯಿತು. ಬಾಯಿ ತೆರೆದ.

"ಫುಟ್‌ಬಾಲ್ ಪಂದ್ಯ ಬಿಡೋ ಹೊತ್ತು," ಅಂದ. "ದೊಡ್ಡ ರಸ್ತೇಲಿ ವಾಹನ ಜಾಸ್ತಿ ಇರುತ್ತೆ. ಈಗಲೇ ಹೊರಟರೆ ಒಳ್ಳೇದು."

ಬ್ರಿಜೆಟ್ ತಲೆಯಾಡಿಸಿದಳು. "ಹೌದು. ಇರುತ್ತೆ," ಎಂದು ಕಿಟಕಿ ಏರಿಸಿದಳು.

ವ್ಯಾನ್ ಬೇಲಿಯ ಆಚೆ ಮರೆಯಾಗಿ, ಅದರ ಸದ್ದೂ ಅಡಗಿದ ಮೇಲೆ, ಅವಳನ್ನು ಕರೆಯಬೇಕಿದ್ದ ಆ ಮಾತು ಅವನಿಗೆ ಸರಿಯಾಗಿ ಹೊಂದಿ ಬಂತು. ಅಷ್ಟೇನೂ ಉದ್ದದ ಮಾತಲ್ಲ. ಹೇಗೆ ಕೇಳಿಸುತ್ತದೆಂದು ತಿಳಿಯಲು ಗ್ಯಾರೇಜಿನೊಳಗೆ ನಿಂತು ಒಮ್ಮೆ ಜೋರಾಗಿ ಹೇಳಿ ನೋಡಿದ. ಚೆನ್ನಾಗಿಯೇ ಕೇಳಿಸಿತು.